ಮಲಾಯನ: ದೇಹದ ಹೊರದಾರಿಗಳಿಗೆ ಆಯುರ್ವೇದ ಕೊಟ್ಟ ಹೆಸರು

ಪ್ರಶ್ನೆ: ಚರಕಸಂಹಿತೆಯ ಸೂತ್ರಸ್ಥಾನವನ್ನು ಕನ್ನಡ ತಾತ್ಪರ್ಯದೊಂದಿಗೆ ಓದುತ್ತಿದ್ದೇನೆ. ಏಳನೆಯ ಅಧ್ಯಾಯದಲ್ಲಿ ‘ಮಲಾಯನಾನಿ’ ಎಂಬ ಪದ ಬಂದಿದೆ. ನನ್ನಲ್ಲಿರುವ ಪುಸ್ತಕದಲ್ಲಿ ಅದಕ್ಕೆ ‘ಮಲದ್ವಾರಗಳು’ ಎಂದು ಅರ್ಥ ಕೊಟ್ಟಿದ್ದಾರೆ. ಆದರೆ ಅದೇ ಶ್ಲೋಕದಲ್ಲಿ ತಲೆಯ ಏಳು ರಂಧ್ರಗಳನ್ನೂ ಬೆವರಿನ ರಂಧ್ರಗಳನ್ನೂ ಸೇರಿಸಿ ಹೇಳಲಾಗಿದೆ. ಕಣ್ಣು ಕಿವಿಗಳು ಮಲದ್ವಾರಗಳು ಹೇಗಾಗುತ್ತವೆ? ಈ ಪದದ ಸರಿಯಾದ ಅರ್ಥವೇನು, ಅದು ಎಲ್ಲಿಂದ ಬಂದಿತು?

ಉತ್ತರ: ಮಲಾಯನವೆಂದರೆ ದೇಹದಲ್ಲಿ ಹುಟ್ಟಿದ ಮಲವು ಹೊರಗೆ ಹೋಗುವ ದಾರಿ, ಅಥವಾ ಆ ದಾರಿಯ ಬಾಯಿ. ನಿಮ್ಮ ಪುಸ್ತಕದ ‘ಮಲದ್ವಾರಗಳು’ ಎಂಬ ಅರ್ಥವು ಸಂಸ್ಕೃತದ ಮಟ್ಟಿಗೆ ತಪ್ಪಲ್ಲ. ಆದರೆ ಕನ್ನಡದಲ್ಲಿ ಆ ಮಾತು ಒಂದೇ ಒಂದು ಅಂಗಕ್ಕೆ ಗಟ್ಟಿಯಾಗಿ ಅಂಟಿಕೊಂಡಿರುವುದರಿಂದ ಓದುಗನನ್ನು ದಾರಿ ತಪ್ಪಿಸುತ್ತದೆ. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಮಲಾಯನವೆಂಬುದು ಯಾವುದೇ ಅಂಗದ ಹೆಸರಲ್ಲ, ಅಂಗವೊಂದು ಮಾಡುವ ಕೆಲಸದ ಹೆಸರು. ನೋಡುವಾಗ ಕಣ್ಣು ಇಂದ್ರಿಯದ ನೆಲೆ, ಪಿಸುರನ್ನು ಹೊರಹಾಕುವಾಗ ಅದೇ ಕಣ್ಣು ಮಲಾಯನ. ಈ ಒಂದು ವಿಷಯ ಮನಸ್ಸಿಗೆ ಬಂದರೆ ಶ್ಲೋಕದ ತೊಡಕು ತಾನಾಗಿಯೇ ಬಿಡುತ್ತದೆ.

ಮೊದಲು ಶ್ಲೋಕವನ್ನು ನೋಡೋಣ. ಸೂತ್ರಸ್ಥಾನದ ಏಳನೆಯದಾದ ‘ನವೇಗಾನ್ಧಾರಣೀಯ’ ಅಧ್ಯಾಯದಲ್ಲಿ ಅದು ಹೀಗಿದೆ: ‘ದ್ವೇ ಅಧಃ ಸಪ್ತ ಶಿರಸಿ ಖಾನಿ ಸ್ವೇದಮುಖಾನಿ ಚ | ಮಲಾಯನಾನಿ ಬಾಧ್ಯಂತೇ ದುಷ್ಟೈರ್ಮಾತ್ರಾಧಿಕೈರ್ಮಲೈಃ’. ಕೆಳಗಿನ ಎರಡು, ತಲೆಯಲ್ಲಿರುವ ಏಳು, ಜೊತೆಗೆ ಬೆವರಿನ ಬಾಯಿಗಳು, ಇವು ಮಲಾಯನಗಳು. ಕೆಟ್ಟುಹೋದ ಅಥವಾ ಅಳತೆ ಮೀರಿದ ಮಲಗಳಿಂದ ಇವು ಬಾಧೆಗೆ ಒಳಗಾಗುತ್ತವೆ ಎಂಬುದು ಇದರ ತಾತ್ಪರ್ಯ. ಒಂದೇ ಶ್ಲೋಕದಲ್ಲಿ ಪದದ ವ್ಯಾಪ್ತಿಯೂ ಬಂದಿದೆ, ಅದನ್ನು ವೈದ್ಯನು ಗಮನಿಸಬೇಕಾದ ಕಾರಣವೂ ಬಂದಿದೆ. ಸೂತ್ರಸ್ಥಾನದ ಭಾಷೆ ಸಾಮಾನ್ಯವಾಗಿ ಇಷ್ಟೇ ಬಿಗಿಯಾಗಿರುತ್ತದೆ. ಒಂದು ಪದವನ್ನು ಸಡಿಲವಾಗಿ ಓದಿದರೂ ಮುಂದಿನ ಚಿಕಿತ್ಸಾಭಾಗದಲ್ಲಿ ಅರ್ಥ ಜಾರುತ್ತದೆ.

ಇನ್ನು ಪದವನ್ನು ಬಿಡಿಸೋಣ. ‘ಮಲ’ ಮತ್ತು ‘ಅಯನ’ ಸವರ್ಣದೀರ್ಘ ಸಂಧಿಯಿಂದ ಕೂಡಿ ‘ಮಲಾಯನ’ವಾಗಿದೆ. ಅಯನವೆಂಬುದು ನಮಗೆ ಉತ್ತರಾಯಣ, ದಕ್ಷಿಣಾಯನಗಳಿಂದ ಚೆನ್ನಾಗಿ ಪರಿಚಿತವಾದ ಪದ. ಅದರ ಮೂಲ ಹೋಗುವುದನ್ನು ಹೇಳುವ ಧಾತುವಿನಲ್ಲಿದೆ; ಧಾತುಪಾಠದಲ್ಲಿ ‘ಇಣ್ ಗತೌ’ ಎಂದೂ ‘ಅಯ ಗತೌ’ ಎಂದೂ ಎರಡು ಧಾತುಗಳು ಸಿಗುತ್ತವೆ, ಎರಡರಿಂದಲೂ ‘ಅಯನ’ ರೂಪವನ್ನು ಸಾಧಿಸಬಹುದು. ಅದರ ಕೊನೆಯಲ್ಲಿರುವ ‘ಅನ’ ಎಂಬ ಪ್ರತ್ಯಯವು ಕೇವಲ ಕ್ರಿಯೆಯನ್ನು ಮಾತ್ರ ಹೇಳುವುದಿಲ್ಲ. ಕ್ರಿಯೆಗೆ ಸಾಧನವಾದದ್ದನ್ನೂ ಕ್ರಿಯೆ ನಡೆಯುವ ಸ್ಥಳವನ್ನೂ ಅದು ಹೇಳಬಲ್ಲದು ಎಂಬುದನ್ನು ಪಾಣಿನಿಯು ‘ಕರಣಾಧಿಕರಣಯೋಶ್ಚ’ ಎಂಬ ಸೂತ್ರದಲ್ಲಿ ವಿಧಿಸಿದ್ದಾನೆ. ಆದ್ದರಿಂದ ಅಯನವೆಂದರೆ ಹೋಗುವಿಕೆಯೂ ಹೌದು, ಹೋಗುವ ದಾರಿಯೂ ಹೌದು. ವೈದ್ಯಗ್ರಂಥಗಳಲ್ಲಿ ನಮಗೆ ಬೇಕಾದದ್ದು ಎರಡನೆಯ ಅರ್ಥ. ಚರಕನೇ ಐದನೆಯ ಅಧ್ಯಾಯದಲ್ಲಿ ಇದೇ ವಿಷಯವನ್ನು ಹೇಳುವಾಗ ‘ಮಲಮಾರ್ಗ’ ಎಂಬ ಪದವನ್ನು ಬಳಸಿರುವುದು ಈ ಅರ್ಥಕ್ಕೆ ಗ್ರಂಥದೊಳಗಿನ ಸಾಕ್ಷಿಯಾಗಿದೆ.

ಉತ್ತರಾಯಣದಲ್ಲಿ ಣಕಾರವಿರುವಾಗ ಮಲಾಯನದಲ್ಲಿ ನಕಾರವೇಕೆ ಎಂದು ಕೆಲವರು ಕೇಳುತ್ತಾರೆ. ಉತ್ತರ, ರಾಮ ಎಂಬ ಪದಗಳಲ್ಲಿ ರೇಫ, ಅಂದರೆ ರಕಾರ, ಇರುವುದರಿಂದ ಉತ್ತರಾಯಣ, ರಾಮಾಯಣಗಳಲ್ಲಿ ನಕಾರವು ಣಕಾರವಾಗುತ್ತದೆ. ‘ಮಲ’ದಲ್ಲಿ ಅಂತಹ ನಿಮಿತ್ತವಿಲ್ಲವಾದ್ದರಿಂದ ನಕಾರ ಹಾಗೆಯೇ ಉಳಿಯುತ್ತದೆ. ನಾವು ದಿನವೂ ಬಳಸುವ ‘ಪಲಾಯನ’ವೂ ಇದೇ ‘ಅಯ’ ಧಾತುವಿನ ಪದವೇ. ಅಲ್ಲಿ ‘ಪರಾ’ ಎಂಬ ಉಪಸರ್ಗದ ರೇಫವು ಲಕಾರವಾಗಿದೆ. ಮಲಾಯನವನ್ನು ‘ಮಲಯ’ ಪರ್ವತದೊಂದಿಗೆ ಬೆರೆಸಬಾರದು. ಆ ಹೆಸರು ನಮ್ಮ ‘ಮಲೆ’ ಎಂಬ ಮಾತಿಗೆ ಸೇರಿದ್ದು, ಇದಕ್ಕೂ ಅದಕ್ಕೂ ಸಂಬಂಧವಿಲ್ಲ.

ತೊಡಕು ನಿಜವಾಗಿ ಇರುವುದು ‘ಮಲ’ ಎಂಬ ಮೊದಲ ಪದದಲ್ಲಿ. ಇಂದಿನ ಕನ್ನಡದಲ್ಲಿ ಮಲವೆಂದರೆ ಶೌಚದಲ್ಲಿ ವಿಸರ್ಜನೆಯಾಗುವುದು ಮಾತ್ರ. ಮಲಬದ್ಧತೆ, ಮಲಪರೀಕ್ಷೆ, ಮಲವಿಸರ್ಜನೆ ಎಲ್ಲದರಲ್ಲೂ ಅದೇ ಅರ್ಥ. ಹಳೆಯ ಬಳಕೆ ಇಷ್ಟು ಇಕ್ಕಟ್ಟಾಗಿರಲಿಲ್ಲ. ಋಗ್ವೇದದ ಹತ್ತನೆಯ ಮಂಡಲದಲ್ಲಿ ಗಾಳಿಯನ್ನೇ ನಡುಕಟ್ಟಾಗಿ ಉಳ್ಳ ಮುನಿಗಳ ವರ್ಣನೆಯಿದೆ. ಅವರು ತೊಟ್ಟ ಕಂದುಬಣ್ಣದ ಕೊಳೆಬಟ್ಟೆಗಳನ್ನು ಅಲ್ಲಿ ‘ಮಲಾ’ ಎಂದು ಕರೆಯಲಾಗಿದೆ. ಮಲಿನ, ನಿರ್ಮಲ, ವಿಮಲ, ಅಮಲ ಎಂಬ ಮಾತುಗಳಲ್ಲಿ ಆ ವಿಶಾಲವಾದ ಅರ್ಥ ಇಂದಿಗೂ ಉಳಿದಿದೆ. ಶೈವ ಶಾಸ್ತ್ರಗಳಲ್ಲಿಯೂ ವೀರಶೈವ ಸಾಹಿತ್ಯದಲ್ಲಿಯೂ ಆಣವ, ಮಾಯಾ, ಕಾರ್ಮಿಕ ಎಂದು ಮಲತ್ರಯವನ್ನು ಹೇಳುವಾಗ ಆತ್ಮಕ್ಕೆ ಅಂಟಿದ ಮಸುಕೆಂಬ ಅರ್ಥವಿದೆಯೇ ಹೊರತು ದೇಹದ ತ್ಯಾಜ್ಯದ ಮಾತೇ ಇಲ್ಲ. ಕನ್ನಡ ಓದುಗನಿಗೆ ಈ ಎರಡೂ ಬಳಕೆಗಳು ಗೊತ್ತಿವೆ. ಆದರೆ ವೈದ್ಯಗ್ರಂಥವನ್ನು ಕೈಗೆತ್ತಿಕೊಂಡ ಕೂಡಲೇ ಆಸ್ಪತ್ರೆಯ ಅರ್ಥವೊಂದೇ ಮನಸ್ಸಿಗೆ ಬಂದುಬಿಡುತ್ತದೆ.

ವೈದ್ಯಶಾಸ್ತ್ರವು ಮಲಕ್ಕೆ ತನ್ನದೇ ಆದ ಅರ್ಥವನ್ನು ಕಟ್ಟಿಕೊಂಡಿದೆ. ‘ಮಲಿನೀಕರಣಾನ್ಮಲಾಃ’, ಮಲಿನಗೊಳಿಸುವುದರಿಂದ ಅವು ಮಲಗಳು ಎಂಬ ಶಾರ್ಙ್ಗಧರನ ನಿರ್ವಚನ ಪ್ರಸಿದ್ಧವಾಗಿದೆ, ಆದರೆ ಅದರಿಂದ ಪೂರ್ತಿ ಕೆಲಸವಾಗುವುದಿಲ್ಲ. ಚರಕನ ಲೆಕ್ಕದಲ್ಲಿ ಉಂಡ ಆಹಾರವು ಪಕ್ವವಾಗಿ ಎರಡಾಗುತ್ತದೆ. ಸಾರವಾದದ್ದು ಪ್ರಸಾದ, ಉಳಿದದ್ದು ಕಿಟ್ಟ. ಸೂತ್ರಸ್ಥಾನದ 28ನೆಯ ಅಧ್ಯಾಯವು ಈ ಕಿಟ್ಟದಿಂದ ಬೆವರು, ಮೂತ್ರ, ಪುರೀಷ (ಶೌಚದ ಮಲ), ವಾತ, ಪಿತ್ತ, ಶ್ಲೇಷ್ಮಗಳು, ಕಿವಿ, ಕಣ್ಣು, ಮೂಗು, ಬಾಯಿ, ರೋಮಕೂಪ ಹಾಗೂ ಜನನೇಂದ್ರಿಯಗಳ ಮಲಗಳು, ಕೇಶ, ಮೀಸೆಗಡ್ಡ, ರೋಮ, ಉಗುರು ಮೊದಲಾದವು ‘ಪುಷ್ಟಿಗೊಳ್ಳುತ್ತವೆ’ ಎಂದು ಹೇಳುತ್ತದೆ. ಆ ಕ್ರಿಯಾಪದವನ್ನು ದಯವಿಟ್ಟು ಗಮನಿಸಿ. ಮಲಗಳು ಕೇವಲ ಉಳಿಕೆಯಲ್ಲ, ಅವೂ ಪೋಷಣೆ ಪಡೆದು ತಮ್ಮ ಅಳತೆಯಲ್ಲಿ ಇರಬೇಕಾದವು. ಮುಂದಿನ ಮಾತಿನಲ್ಲಿಯೇ ಚರಕನು ಮಲವೆಂಬ ಹೆಸರಿನವೂ ಪ್ರಸಾದವೆಂಬ ಹೆಸರಿನವೂ ಎಲ್ಲವೂ ಧಾತುಗಳೇ, ದೇಹವನ್ನು ಧರಿಸುವವೇ ಎಂದು ಸೇರಿಸುತ್ತಾನೆ.

ಕಣ್ಣು ಕಿವಿಗಳು ಪಟ್ಟಿಯಲ್ಲಿ ಏಕಿವೆ ಎಂಬ ನಿಮ್ಮ ಪ್ರಶ್ನೆಗೆ ನೇರವಾದ ಉತ್ತರ ಚಿಕಿತ್ಸಾಸ್ಥಾನದ 15ನೆಯ ಅಧ್ಯಾಯದಲ್ಲಿ, ಗ್ರಹಣೀರೋಗದ ಪ್ರಕರಣದಲ್ಲಿ ಸಿಗುತ್ತದೆ. ಅಲ್ಲಿ ದೇಹವನ್ನು ಕಟ್ಟುವ ರಸ, ರಕ್ತ ಮೊದಲಾದ ಧಾತುಗಳಿಗೆ ಒಂದೊಂದು ಮಲವನ್ನು ಹೇಳಿದೆ. ಅನ್ನದ ಕಿಟ್ಟ ಪುರೀಷ ಮತ್ತು ಮೂತ್ರ, ರಸಧಾತುವಿನದು ಕಫ, ರಕ್ತದ್ದು ಪಿತ್ತ, ಮಾಂಸದ್ದು ‘ಖಮಲ’, ಮೇದಸ್ಸಿನದು ಬೆವರು, ಅಸ್ಥಿಯದು ಕೇಶ ಮತ್ತು ರೋಮ, ಮಜ್ಜೆಯದು ಕಣ್ಣಿನ ಮತ್ತು ಚರ್ಮದ ಜಿಡ್ಡು. ಇಲ್ಲಿ ಬಂದಿರುವ ‘ಖಮಲ’ವೆಂಬುದು ‘ಖ’ ಎಂದರೆ ರಂಧ್ರ, ಅದರಲ್ಲಿ ಸೇರುವ ಮಲ. ಕಿವಿಯ ಗುಗ್ಗೆ, ಮೂಗಿನ ಸಿಂಬಳ, ಕಣ್ಣಿನ ಪಿಸುರು, ನಾಲಗೆಯ ಮತ್ತು ಹಲ್ಲಿನ ಲೇಪ ಇವೆಲ್ಲ ಆ ವರ್ಗಕ್ಕೆ ಬರುತ್ತವೆ. ಅಂದಮೇಲೆ ಆಹಾರದ ಸ್ಥೂಲವಾದ ಉಳಿಕೆ ಕೆಳಗಿನ ಎರಡು ದಾರಿಗಳಿಂದ ಹೋದರೆ, ಒಳಗಿನ ಧಾತುಗಳ ಸೂಕ್ಷ್ಮವಾದ ಉಳಿಕೆ ತಲೆಯ ಏಳು ರಂಧ್ರಗಳಿಂದಲೂ ಚರ್ಮದ ಅಸಂಖ್ಯ ರಂಧ್ರಗಳಿಂದಲೂ ಹೋಗುತ್ತದೆ. ಶಾಸ್ತ್ರದ ದೃಷ್ಟಿಯಲ್ಲಿ ಇವೆಲ್ಲ ಒಂದೇ ಕೆಲಸದ ಬೇರೆ ಬೇರೆ ಬಾಗಿಲುಗಳು.

‘ಖ’ ಎಂಬ ಚಿಕ್ಕ ಪದದ ಇತಿಹಾಸ ಬಹಳ ಹಳೆಯದು, ಮಲಾಯನದ ಮೂಲವನ್ನು ಹುಡುಕುವವರು ಅಲ್ಲಿಗೇ ಹೋಗಬೇಕಾಗುತ್ತದೆ. ಋಗ್ವೇದದ ಎಂಟನೆಯ ಮಂಡಲದಲ್ಲಿ ಅಪಾಲೆಯ ಕಥೆಯುಳ್ಳ ಸೂಕ್ತದಲ್ಲಿ ರಥದ, ಬಂಡಿಯ, ನೊಗದ ತೂತುಗಳಿಗೆ ‘ಖ’ ಎಂಬ ಮಾತಿದೆ. ಅಥರ್ವವೇದದ ಹತ್ತನೆಯ ಕಾಂಡದ ಎರಡನೆಯ ಸೂಕ್ತವು ಮನುಷ್ಯನ ದೇಹವನ್ನು ಯಾರು ರಚಿಸಿದರು ಎಂದು ಅಂಗ ಅಂಗವಾಗಿ ಕೇಳುತ್ತಾ ಹೋಗುತ್ತದೆ. ಹಿಮ್ಮಡಿ ಯಾರು ಮಾಡಿದರು, ಮಾಂಸ ಯಾರು ತುಂಬಿದರು ಎಂದು ಆರಂಭವಾಗುವ ಆ ಪ್ರಶ್ನೆಗಳ ಮಾಲೆಯಲ್ಲಿ ‘ಕಃ ಸಪ್ತ ಖಾನಿ ವಿ ತತರ್ದ ಶೀರ್ಷಣಿ’, ತಲೆಯಲ್ಲಿ ಏಳು ರಂಧ್ರಗಳನ್ನು ಕೊರೆದವರು ಯಾರು ಎಂಬ ಪ್ರಶ್ನೆ ಬರುತ್ತದೆ. ಎರಡು ಕಿವಿ, ಎರಡು ಮೂಗಿನ ಹೊಳ್ಳೆ, ಎರಡು ಕಣ್ಣು, ಒಂದು ಬಾಯಿ ಎಂದು ಮಂತ್ರವೇ ಎಣಿಸಿ ತೋರಿಸುತ್ತದೆ. ಚರಕನ ‘ಸಪ್ತ ಶಿರಸಿ ಖಾನಿ’ ಎಂಬ ಮಾತನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಸಂಖ್ಯೆ ಅದೇ, ಸ್ಥಳ ಅದೇ, ರಂಧ್ರಕ್ಕೆ ಬಳಸಿದ ಪದವೂ ಅದೇ. ವೈದ್ಯನು ಹೊಸದಾಗಿ ಎಣಿಸಲಿಲ್ಲ, ತನ್ನ ಕಾಲಕ್ಕಾಗಲೇ ಶತಮಾನಗಳಷ್ಟು ಹಳೆಯದಾಗಿದ್ದ ಎಣಿಕೆಯನ್ನು ತನ್ನ ಶಾಸ್ತ್ರಕ್ಕೆ ತೆಗೆದುಕೊಂಡಿದ್ದಾನೆ ಎಂದೇ ನಾನು ಭಾವಿಸುತ್ತೇನೆ. ಅದೇ ಸೂಕ್ತದ ಕೊನೆಯ ಭಾಗದಲ್ಲಿ ದೇಹವನ್ನು ಎಂಟು ಚಕ್ರಗಳ, ಒಂಬತ್ತು ಬಾಗಿಲುಗಳ ದೇವನಗರಿಯೆಂದು ಕರೆಯಲಾಗಿದೆ. ಶ್ವೇತಾಶ್ವತರ ಉಪನಿಷತ್ತು ಮತ್ತು ಭಗವದ್ಗೀತೆಯ ಐದನೆಯ ಅಧ್ಯಾಯದ ‘ನವದ್ವಾರೇ ಪುರೇ ದೇಹೀ’ ಎಂಬ ಮಾತುಗಳು ಈ ಪರಂಪರೆಯವೇ, ನಮ್ಮ ತತ್ತ್ವಪದಗಳ ಒಂಬತ್ತು ಬಾಗಿಲ ಮನೆಯೂ ಅಲ್ಲಿಂದಲೇ ಇಳಿದು ಬಂದದ್ದು. ಕಠೋಪನಿಷತ್ತು ಮಾತ್ರ ಒಂದು ಕಡೆ ಹನ್ನೊಂದು ಬಾಗಿಲುಗಳನ್ನು ಹೇಳುತ್ತದೆ.

ಅದೇ ಕಠೋಪನಿಷತ್ತಿನಲ್ಲಿ ‘ಪರಾಂಚಿ ಖಾನಿ ವ್ಯತೃಣತ್ ಸ್ವಯಂಭೂಃ’ ಎಂಬ ಮಂತ್ರವಿದೆ. ಸ್ವಯಂಭುವು ಇಂದ್ರಿಯಗಳನ್ನು ಹೊರಮುಖವಾಗಿ ಕೊರೆದನು, ಆದ್ದರಿಂದ ಮನುಷ್ಯನು ಹೊರಗೆ ನೋಡುತ್ತಾನೆ, ಒಳಗಿನ ಆತ್ಮನನ್ನು ನೋಡುವುದಿಲ್ಲ ಎಂದು ಅದರ ಅಭಿಪ್ರಾಯ. ಅಲ್ಲಿ ‘ಖ’ ಎಂದರೆ ಅರಿವು ಹೊರಗೆ ಹರಿಯುವ ದಾರಿ. ಅಥರ್ವ ಮಂತ್ರದ ‘ತತರ್ದ’ವೂ ಇಲ್ಲಿನ ‘ವ್ಯತೃಣತ್’ ಎಂಬುದೂ ಕೊರೆಯುವುದನ್ನು ಹೇಳುವ ಒಂದೇ ಧಾತುವಿನ ರೂಪಗಳು. ವೇದಾಂತಿಗೆ ಆ ರಂಧ್ರಗಳು ಇಂದ್ರಿಯಗಳಾದವು, ಕವಿಗೆ ಬಾಗಿಲುಗಳಾದವು, ವೈದ್ಯನಿಗೆ ಮಲಾಯನಗಳಾದವು. ವೈದ್ಯನು ಮಾಡಿದ ಹೊಸ ಕೆಲಸವೆಂದರೆ ಆ ಹಳೆಯ ಒಂಬತ್ತಕ್ಕೆ ‘ಸ್ವೇದಮುಖ’ಗಳನ್ನು ಸೇರಿಸಿದ್ದು. ಚರಕನ ಎಣಿಕೆಯಲ್ಲಿ ನನಗೆ ಅತ್ಯಂತ ಮಹತ್ವದ್ದಾಗಿ ಕಾಣುವುದು ಇದೇ. ಬೆವರಿನ ಬಾಯಿಗಳು ಕಣ್ಣಿಗೆ ಕಾಣುವ ಬಾಗಿಲುಗಳಲ್ಲ, ಅವನ್ನು ಯಾವ ಕವಿಯೂ ನಗರದ ದ್ವಾರಗಳಲ್ಲಿ ಎಣಿಸಲಿಲ್ಲ. ಹೊರಗೆ ಹೋಗುವ ಕೆಲಸವನ್ನು ಮಾನದಂಡವಾಗಿ ಇಟ್ಟುಕೊಂಡವನಿಗೆ ಮಾತ್ರ ಅವು ಆ ಪಟ್ಟಿಗೆ ಬರುತ್ತವೆ.

ಈ ಮಾತನ್ನು ಸುಶ್ರುತನೊಂದಿಗೆ ಹೋಲಿಸಿದರೆ ಇನ್ನೂ ಸ್ಪಷ್ಟವಾಗುತ್ತದೆ. ಶಸ್ತ್ರವೈದ್ಯನಾದ ಸುಶ್ರುತನು ಶಾರೀರಸ್ಥಾನದ ಐದನೆಯ ಅಧ್ಯಾಯದಲ್ಲಿ ‘ಬಹಿರ್ಮುಖ ಸ್ರೋತಸ್ಸು’ಗಳನ್ನು, ಅಂದರೆ ಹೊರಕ್ಕೆ ತೆರೆದ ನಾಳಗಳನ್ನು, ಹೇಳುತ್ತಾನೆ. ಕಿವಿ, ಕಣ್ಣು, ಬಾಯಿ, ಮೂಗು, ಗುದ, ಮೇಢ್ರ (ಶಿಶ್ನ) ಎಂದು ಪುರುಷರಿಗೆ ಒಂಬತ್ತು. ಸ್ತ್ರೀಯರಿಗೆ ಇವಲ್ಲದೆ ಸ್ತನಗಳಲ್ಲಿ ಎರಡು ಮತ್ತು ಕೆಳಗೆ ರಕ್ತವನ್ನು ವಹಿಸುವ ಒಂದು ಸೇರಿ ಹನ್ನೆರಡು. ಇದು ಹೊರಕ್ಕೆ ತೆರೆದ ದ್ವಾರಗಳನ್ನು ರಚನೆಯ ದೃಷ್ಟಿಯಿಂದ ಎಣಿಸಿದ ಪಟ್ಟಿ. ಸ್ತನ್ಯವು ಮಲವಲ್ಲವಾದ್ದರಿಂದ ಸ್ತನದ ದ್ವಾರಗಳು ಹೊರಮುಖವಾಗಿದ್ದರೂ ಮಲಾಯನಗಳಲ್ಲ. ಬೆವರಿನ ರಂಧ್ರಗಳು ಮಲಾಯನಗಳಾಗಿದ್ದರೂ ಸುಶ್ರುತನ ಈ ಪಟ್ಟಿಯಲ್ಲಿ ಇಲ್ಲ. ಎರಡೂ ಪಟ್ಟಿಗಳು ಬಹುಪಾಲು ಒಂದರ ಮೇಲೊಂದು ಕೂರುತ್ತವೆ, ಆದರೆ ಅವು ಒಂದೇ ಅಲ್ಲ. ಚರಕನಿಗೂ ಈ ವ್ಯತ್ಯಾಸ ಗೊತ್ತಿದೆ: ಶಾರೀರಸ್ಥಾನದ ಏಳನೆಯ ಅಧ್ಯಾಯದಲ್ಲಿ ಅಂಗಗಳನ್ನು ಎಣಿಸುವಾಗ ಅವನು ‘ಒಂಬತ್ತು ದೊಡ್ಡ ಛಿದ್ರಗಳು, ತಲೆಯಲ್ಲಿ ಏಳು, ಕೆಳಗೆ ಎರಡು’ ಎನ್ನುತ್ತಾನೆ. ಮಲಾಯನವೆಂಬ ಪದವನ್ನು ಅಲ್ಲಿ ಬಳಸುವುದಿಲ್ಲ, ಬೆವರಿನ ಬಾಯಿಗಳನ್ನೂ ಅಲ್ಲಿ ಸೇರಿಸುವುದಿಲ್ಲ.

ಸ್ರೋತಸ್ಸನ್ನು ಮಲಾಯನವೆಂದು ತಿಳಿಯುವುದೂ ಸಾಮಾನ್ಯವಾದ ಗೊಂದಲ. ವಿಮಾನಸ್ಥಾನದ ಐದನೆಯ ಅಧ್ಯಾಯದ ಪ್ರಕಾರ ಪುರೀಷವಹ ಸ್ರೋತಸ್ಸಿಗೆ ಪಕ್ವಾಶಯ (ದೊಡ್ಡ ಕರುಳು) ಮತ್ತು ಸ್ಥೂಲಗುದ ಮೂಲ, ಮೂತ್ರವಹಕ್ಕೆ ಬಸ್ತಿ (ಮೂತ್ರಕೋಶ) ಮತ್ತು ವಂಕ್ಷಣ (ತೊಡೆಸಂದು), ಸ್ವೇದವಹಕ್ಕೆ ಮೇದಸ್ಸು ಮತ್ತು ರೋಮಕೂಪ. ಸ್ರೋತಸ್ಸು ಒಳಗಿನಿಂದ ಹೊತ್ತು ತರುವ ಇಡೀ ನಾಳ. ಮಲಾಯನ ಅದು ಹೊರಕ್ಕೆ ತೆರೆದುಕೊಳ್ಳುವ ತುದಿ.

ಇದೇ ರಂಧ್ರಗಳನ್ನು ಧರ್ಮಶಾಸ್ತ್ರವೂ ಎಣಿಸಿದೆ, ಆದರೆ ಅದರ ಕಾಳಜಿ ಬೇರೆ. ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿ ನಾಭಿಯಿಂದ ಮೇಲಿನ ‘ಖ’ಗಳು ಶುದ್ಧ, ಕೆಳಗಿನವು ಅಶುದ್ಧ ಎಂದು ವಿಂಗಡಿಸಲಾಗಿದೆ; ಅದೇ ಪ್ರಕರಣದಲ್ಲಿ ಮನುಷ್ಯನ ಹನ್ನೆರಡು ಮಲಗಳ ಪಟ್ಟಿಯೂ ಇದೆ, ಅದರಲ್ಲಿ ಕಿವಿಯ ಮಲ, ಮೂಗಿನ ಮಲ, ಕಣ್ಣೀರು, ಪಿಸುರು, ಬೆವರು ಎಲ್ಲವೂ ಬರುತ್ತವೆ. ಚರಕನ ಶ್ಲೋಕದಲ್ಲಿ ಇಂತಹ ಮೇಲು ಕೀಳಿನ ರೇಖೆಯೇ ಇಲ್ಲ. ಕೆಳಗಿನ ಎರಡು, ಮೇಲಿನ ಏಳು, ಮೈಯೆಲ್ಲ ಹರಡಿದ ಬೆವರಿನ ಬಾಯಿಗಳು ಒಂದೇ ಸಾಲಿನಲ್ಲಿ, ಒಂದೇ ಹೆಸರಿನಲ್ಲಿ ನಿಲ್ಲುತ್ತವೆ. ದೇಹದ ಕೆಲವು ಭಾಗಗಳ ಹೆಸರನ್ನು ಹೇಳಲೂ ಸಂಕೋಚಪಟ್ಟು ಕಾಯಿಲೆಯನ್ನು ಮುಚ್ಚಿಟ್ಟುಕೊಳ್ಳುವ ರೋಗಿಗಳನ್ನು ನೋಡುವ ವೈದ್ಯರಿಗೆ ಈ ಸಮದೃಷ್ಟಿಯ ಬೆಲೆ ಗೊತ್ತಾಗುತ್ತದೆ.

ಶುಚಿತ್ವದ ಮಾತು ವೈದ್ಯಶಾಸ್ತ್ರದಲ್ಲಿಯೂ ಇದೆ. ಸೂತ್ರಸ್ಥಾನದ ಎಂಟನೆಯ ಅಧ್ಯಾಯದ ಸದ್ವೃತ್ತ ಭಾಗದಲ್ಲಿ ಮಲಾಯನಗಳನ್ನೂ ಪಾದಗಳನ್ನೂ ಆಗಾಗ ನಿರ್ಮಲವಾಗಿ ಇಟ್ಟುಕೊಳ್ಳಬೇಕು ಎಂದಿದೆ. ಐದನೆಯ ಅಧ್ಯಾಯದಲ್ಲಿ ಪಾದಗಳ ಮತ್ತು ಮಲಮಾರ್ಗಗಳ ಶೌಚದಿಂದ ಮೇಧೆ, ಪಾವಿತ್ರ್ಯ, ಆಯುಸ್ಸುಗಳು ದೊರೆಯುತ್ತವೆ ಎಂದಿದೆ. ವಾಗ್ಭಟನು ಅಷ್ಟಾಂಗಹೃದಯದ ದಿನಚರ್ಯೆಯಲ್ಲಿ ಈ ಇಡೀ ಉಪದೇಶವನ್ನು ‘ನಿರ್ಮಲಾಂಘ್ರಿಮಲಾಯನಃ’ ಎಂಬ ಒಂದೇ ಸಮಾಸದಲ್ಲಿ ಅಡಕ ಮಾಡಿದ್ದಾನೆ: ಕಾಲುಗಳೂ ಮಲಾಯನಗಳೂ ನಿರ್ಮಲವಾಗಿರುವವನು. ದಿನಚರ್ಯೆಯ ಅಂಜನ, ನಸ್ಯ (ಮೂಗಿಗೆ ಹಾಕುವ ಔಷಧ), ಗಂಡೂಷ (ಬಾಯಲ್ಲಿ ದ್ರವ ತುಂಬಿಟ್ಟುಕೊಳ್ಳುವುದು), ನಾಲಗೆ ಉಜ್ಜುವುದು, ಕಿವಿಗೆ ಎಣ್ಣೆ, ಅಭ್ಯಂಗ, ಸ್ನಾನ ಇವುಗಳನ್ನು ಒಂದೊಂದಾಗಿ ನೋಡುತ್ತಾ ಹೋದರೆ, ಅವುಗಳಲ್ಲಿ ಹೆಚ್ಚಿನವು ಒಂದಲ್ಲ ಒಂದು ಮಲಾಯನದ ಆರೈಕೆಯೇ ಆಗಿರುವುದು ತಿಳಿಯುತ್ತದೆ.

ಆದರೆ ಈ ಪದದ ನಿಜವಾದ ಉಪಯೋಗ ರೋಗವನ್ನು ಗುರುತಿಸುವುದರಲ್ಲಿದೆ. ನೀವು ಓದಿದ ಶ್ಲೋಕದ ಮುಂದಿನ ಶ್ಲೋಕವನ್ನು ಬಿಡದೆ ಓದಿ. ಮಲಾಯನಗಳು ಭಾರವಾಗಿದ್ದರೆ ಮಲದ ವೃದ್ಧಿ, ಹಗುರವಾಗಿದ್ದರೆ ಮಲದ ಕ್ಷಯ ಎಂದು ತಿಳಿಯಬೇಕು. ಹಾಗೆಯೇ ‘ಸಂಗ’ ಮತ್ತು ಅತಿಯಾದ ‘ಉತ್ಸರ್ಗ’ ಎಂಬ ಎರಡು ಲಕ್ಷಣಗಳಿಂದಲೂ ತಿಳಿಯಬೇಕು ಎಂದು ಅದು ಹೇಳುತ್ತದೆ. ಸಂಗವೆಂದರೆ ತಡೆದು ನಿಲ್ಲುವುದು, ಉತ್ಸರ್ಗವೆಂದರೆ ಹೊರಹೋಗುವುದು. ಒಳಗೆ ಏನಾಗುತ್ತಿದೆ ಎಂಬುದನ್ನು ನೇರವಾಗಿ ನೋಡಲು ಉಪಕರಣಗಳಿಲ್ಲದ ಕಾಲದಲ್ಲಿ ವೈದ್ಯನಿಗೆ ನೋಡಲು, ಮುಟ್ಟಲು, ಕೇಳಿ ತಿಳಿಯಲು ಸಿಗುತ್ತಿದ್ದದ್ದು ಈ ತುದಿಗಳು ಮಾತ್ರ. ಆದ್ದರಿಂದ ಅವುಗಳಿಗೆಲ್ಲ ಒಟ್ಟಾಗಿ ಒಂದು ಹೆಸರು ಬೇಕಾಯಿತು. ಪದ ಹುಟ್ಟಿದ ಅಗತ್ಯ ಇದೇ ಇರಬೇಕೆಂದು ನನ್ನ ಅಭಿಪ್ರಾಯ.

ಸೂತ್ರಸ್ಥಾನದ 17ನೆಯ ಅಧ್ಯಾಯವು ಹದಿನೆಂಟು ಬಗೆಯ ಕ್ಷಯಗಳನ್ನು ಹೇಳುವಾಗ ಮೂತ್ರ ಪುರೀಷಗಳ ಕ್ಷಯವನ್ನು ಬೇರೆಯಾಗಿ ವರ್ಣಿಸಿ, ‘ಉಳಿದ ಮಲಾಯನಗಳು’ ತಮ್ಮ ತಮ್ಮ ಮಲ ಕ್ಷಯವಾದಾಗ ಶೂನ್ಯವಾಗಿ, ಹಗುರವಾಗಿ, ಒಣಗಿ ಕಾಣುತ್ತವೆ ಎನ್ನುತ್ತದೆ. ವಾಗ್ಭಟನು ಇದನ್ನು ಇನ್ನೂ ಚೊಕ್ಕವಾಗಿ ಹೇಳಿದ್ದಾನೆ: ‘ಮಲಾನಾಮತಿಸೂಕ್ಷ್ಮಾಣಾಂ ದುರ್ಲಕ್ಷ್ಯಂ ಲಕ್ಷಯೇತ್ ಕ್ಷಯಮ್ | ಸ್ವಮಲಾಯನಸಂಶೋಷತೋದಶೂನ್ಯತ್ವಲಾಘವೈಃ’. ಅತಿ ಸೂಕ್ಷ್ಮವಾದ ಮಲಗಳ ಕ್ಷಯವು ಗುರುತಿಸಲು ಕಷ್ಟ. ಅವುಗಳ ‘ಸ್ವಂತ ಮಲಾಯನ’ದ ಒಣಗುವಿಕೆ, ಚುಚ್ಚಿದಂತಹ ನೋವು, ಬರಿದಾದ ಭಾವ, ಹಗುರತನ ಇವುಗಳಿಂದ ಅದನ್ನು ಊಹಿಸಬೇಕು. ‘ಸ್ವಮಲಾಯನ’ ಎಂಬ ಪ್ರಯೋಗವೇ ನಾನು ಮೊದಲಿಗೆ ಹೇಳಿದ ಮಾತಿಗೆ ಅತ್ಯಂತ ಬಲವಾದ ಆಧಾರ. ಮಲಾಯನವೆಂಬುದು ಯಾವಾಗಲೂ ಯಾವುದೋ ಒಂದು ಮಲಕ್ಕೆ ಸಂಬಂಧಿಸಿದ್ದು, ಗುಗ್ಗೆಗೆ ಕಿವಿ, ಪಿಸುರಿಗೆ ಕಣ್ಣು, ಬೆವರಿಗೆ ರೋಮಕೂಪ. ಕಣ್ಣೊಣಗಿ ಚುಚ್ಚಿದಂತಾಗುತ್ತದೆ ಎಂದು ಹೇಳಿಕೊಂಡು ಬರುವವರು ಇಂದು ನೇತ್ರವೈದ್ಯರ ಬಳಿ ಎಷ್ಟೋ ಜನ. ಆ ದೂರಿನ ಮಾತುಗಳು ಈ ಶ್ಲೋಕದಲ್ಲಿ ಅಕ್ಷರಶಃ ಇವೆ.

ಅದಾದ ಮೇಲೆ ವಾಗ್ಭಟನು ಹೇಳುವ ಮಾತನ್ನು ಇಂದಿನ ಓದುಗರು ವಿಶೇಷವಾಗಿ ಗಮನಿಸಬೇಕು: ‘ಮಲೋಚಿತತ್ವಾದ್ದೇಹಸ್ಯ ಕ್ಷಯೋ ವೃದ್ಧೇಸ್ತು ಪೀಡನಃ’. ದೇಹವು ಮಲಗಳಿಗೆ ಹೊಂದಿಕೊಂಡಿರುವುದರಿಂದ ಅವು ಹೆಚ್ಚಾಗುವುದಕ್ಕಿಂತ ಕಡಿಮೆಯಾಗುವುದೇ ಹೆಚ್ಚು ಪೀಡಿಸುತ್ತದೆ. ಚರಕನು ದೇಹವನ್ನು ಸವೆಸುವ ರಾಜಯಕ್ಷ್ಮವೆಂಬ ರೋಗದ ಚಿಕಿತ್ಸೆಯಲ್ಲಿ ಇದೇ ತತ್ತ್ವವನ್ನು ಕಠಿಣವಾದ ಸಂದರ್ಭಕ್ಕೆ ಅನ್ವಯಿಸುತ್ತಾನೆ. ಎಲ್ಲ ಧಾತುಗಳೂ ಕ್ಷೀಣಿಸಿದ ಆ ರೋಗಿಗೆ ಪುರೀಷವೇ ಬಲ, ಆದ್ದರಿಂದ ಅದನ್ನು ವಿಶೇಷವಾಗಿ ಕಾಪಾಡಬೇಕು ಎನ್ನುತ್ತಾನೆ. ಇಂದು ‘ಡಿಟಾಕ್ಸ್’ ಎಂಬ ಹೆಸರಿನಲ್ಲಿ ಮಲವೆಲ್ಲವನ್ನೂ ವಿಷವೆಂದು ತೋರಿಸಿ, ಆರೋಗ್ಯವಂತರಿಗೂ ಪದೇ ಪದೇ ಭೇದಿ ಮಾಡಿಸುವುದನ್ನು ಆಯುರ್ವೇದದ ಮೂಲತತ್ತ್ವವೆಂಬಂತೆ ಮಾರಲಾಗುತ್ತಿದೆ. ಗ್ರಂಥಗಳು ಹೇಳುವುದು ಅದಕ್ಕೆ ವಿರುದ್ಧವಾದದ್ದು. ಮಲವು ಅಳತೆ ಮೀರಿದಾಗ ಮತ್ತು ಕೆಟ್ಟಾಗ ಮಾತ್ರ ಮಲಾಯನವನ್ನು ಬಾಧಿಸುತ್ತದೆ, ಅಳತೆಯಲ್ಲಿದ್ದಾಗ ಅದು ದೇಹದ ಆಸರೆ. ಇದನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣ, ಪದವನ್ನು ತಪ್ಪಾಗಿ ತಿಳಿದದ್ದರ ಫಲವನ್ನು ಕೊನೆಗೆ ರೋಗಿಯ ಕರುಳು ಅನುಭವಿಸಬೇಕಾಗುತ್ತದೆ.

ಈ ಶ್ಲೋಕವು ಏಳನೆಯ ಅಧ್ಯಾಯದಲ್ಲಿಯೇ ಬಂದಿರುವುದಕ್ಕೂ ಅರ್ಥವಿದೆ. ಆ ಅಧ್ಯಾಯದ ಹೆಸರೇ ‘ವೇಗಗಳನ್ನು ತಡೆಯಬಾರದು’ ಎಂಬ ಉಪದೇಶ. ಮೂತ್ರ, ಪುರೀಷ, ರೇತಸ್ಸು, ಅಪಾನವಾಯು, ವಾಂತಿ, ಸೀನು, ತೇಗು, ಆಕಳಿಕೆ, ಹಸಿವು, ಬಾಯಾರಿಕೆ, ಕಣ್ಣೀರು, ನಿದ್ರೆ, ದಣಿವಿನ ಏದುಸಿರು ಎಂಬ ಹದಿಮೂರು ವೇಗಗಳನ್ನು ತಡೆಯುವುದರಿಂದ ಬರುವ ರೋಗಗಳನ್ನು ಅಲ್ಲಿ ಹೇಳಿದೆ. ಇವುಗಳಲ್ಲಿ ಬಹಳಷ್ಟು ಯಾವುದಾದರೊಂದು ಮಲಾಯನದ ಮೂಲಕವೇ ಹೊರಬರುವವು. ಶೌಚಾಲಯವಿಲ್ಲದ ಶಾಲೆಗಳಲ್ಲಿ, ದೂರದ ಬಸ್ ಪ್ರಯಾಣಗಳಲ್ಲಿ, ಕೆಲಸದ ಪಾಳಿಗಳಲ್ಲಿ ಗಂಟೆಗಟ್ಟಲೆ ಮೂತ್ರವನ್ನು ತಡೆದುಕೊಳ್ಳುವ ನಮ್ಮ ಹೆಣ್ಣುಮಕ್ಕಳ ವಿಷಯದಲ್ಲಿ ಈ ಅಧ್ಯಾಯಕ್ಕೆ ಹೊಸ ವ್ಯಾಖ್ಯಾನವೇ ಬೇಕಾಗಿಲ್ಲ.

ಆಧುನಿಕ ಶರೀರಕ್ರಿಯಾಶಾಸ್ತ್ರವು ಈ ಪಟ್ಟಿಯನ್ನು ಹಾಗೆಯೇ ಒಪ್ಪುವುದಿಲ್ಲ ಎಂಬುದನ್ನೂ ಹೇಳಬೇಕು. ಇಂದಿನ ತಿಳಿವಳಿಕೆಯಲ್ಲಿ ರಕ್ತದ ತ್ಯಾಜ್ಯಗಳನ್ನು ತೆಗೆಯುವ ಮುಖ್ಯ ಹೊಣೆ ಮೂತ್ರಪಿಂಡಗಳದ್ದು. ಅವು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಬಹುಪಾಲನ್ನು ಮತ್ತೆ ಹೀರಿಕೊಂಡು, ಒಂದೆರಡು ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಬಿಡುತ್ತವೆ. ಮನುಷ್ಯನ ಚರ್ಮದಲ್ಲಿ 20ರಿಂದ 40 ಲಕ್ಷದಷ್ಟು ಬೆವರಿನ ಗ್ರಂಥಿಗಳಿದ್ದರೂ ಅವುಗಳ ಮುಖ್ಯ ಕೆಲಸ ಮೈಯನ್ನು ತಂಪಾಗಿಡುವುದೇ ಹೊರತು ತ್ಯಾಜ್ಯವನ್ನು ಹೊರಹಾಕುವುದಲ್ಲ. ಗುಗ್ಗೆಯು ಕಿವಿನಾಳವನ್ನು ಕಾಪಾಡುವ ವಸ್ತು. ಕಿವಿನಾಳದ ಚರ್ಮವು ಒಳಗಿನಿಂದ ಹೊರಕ್ಕೆ ಮೆಲ್ಲನೆ ಸರಿಯುವುದರಿಂದ ಅದು ತಾನಾಗಿಯೇ ಹೊರಬರುತ್ತದೆ, ಆದ್ದರಿಂದ ಮಲಾಯನಶುದ್ಧಿಯ ಹೆಸರಿನಲ್ಲಿ ಕಡ್ಡಿ ಹಾಕಿ ಕೆದಕಬಾರದು. ಕಣ್ಣೀರಿನ ಬಹುಭಾಗ ಸಣ್ಣ ನಾಳವೊಂದರ ಮೂಲಕ ಮೂಗಿಗೇ ಇಳಿಯುತ್ತದೆ. ಇವೆಲ್ಲ ಪ್ರಾಚೀನರಿಗೆ ತಿಳಿದಿರಲಿಲ್ಲ, ತಿಳಿದಿತ್ತೆಂದು ವಾದಿಸುವ ಅಗತ್ಯವೂ ಇಲ್ಲ. ‘ಅಳತೆಯಲ್ಲಿರುವ ಮಲವೂ ದೇಹಕ್ಕೆ ಬೇಕಾದದ್ದು’ ಎಂಬ ಅವರ ಒಳನೋಟವು ಗುಗ್ಗೆಯ ವಿಷಯದಲ್ಲಿ ಇಂದಿನ ವಿವರಣೆಯ ಹತ್ತಿರ ಬಂದು ನಿಲ್ಲುತ್ತದೆ ಎಂದಷ್ಟೇ ಹೇಳಬಹುದು.

ಯೂರೋಪಿನ ಹಳೆಯ ವೈದ್ಯದಲ್ಲಿಯೂ ಇಂತಹ ಒಂದು ಸಮುದಾಯವಾಚಕ ಪದವಿತ್ತು. ‘ಎಮಂಕ್ಟರಿ’ ಎಂಬ ಆ ಪದವು ಮೂಗು ಸೀಟುವುದನ್ನು ಹೇಳುವ ಲ್ಯಾಟಿನ್ ಕ್ರಿಯಾಪದದಿಂದ ಬಂದದ್ದು. ಮಧ್ಯಯುಗದ ಅಲ್ಲಿನ ವೈದ್ಯರು ಕಿವಿಯ ಹಿಂಭಾಗವನ್ನು ಮಿದುಳಿನ, ಕಂಕುಳನ್ನು ಹೃದಯದ, ತೊಡೆಸಂದನ್ನು ಯಕೃತ್ತಿನ ಎಮಂಕ್ಟರಿಗಳೆಂದು ತಿಳಿದಿದ್ದರು. ಪ್ಲೇಗಿನ ಗಡ್ಡೆಗಳು ಆ ಸ್ಥಳಗಳಲ್ಲಿ ಏಳುವುದನ್ನು ಹಾಗೆ ವಿವರಿಸುತ್ತಿದ್ದರು. ಅಲ್ಲಿ ದೊಡ್ಡ ಅಂಗಕ್ಕೊಂದು ಹೊರದಾರಿ, ಇಲ್ಲಿ ಮಲಕ್ಕೊಂದು ಹೊರದಾರಿ.

ಕೊನೆಯದಾಗಿ, ಕನ್ನಡದಲ್ಲಿ ಈ ಪದವನ್ನು ಹೇಗೆ ಹೇಳಬೇಕು ಎಂಬ ವಿಷಯ. ಪಾಠದ ಸಂದರ್ಭದಲ್ಲಿ ‘ಮಲಾಯನ’ವನ್ನು ಹಾಗೆಯೇ ಉಳಿಸಿ ಮೊದಲ ಸಲ ಬಂದಾಗ ವಿವರಿಸುವುದು ಉತ್ತಮ. ಅನುವಾದಿಸಲೇಬೇಕಾದರೆ ‘ಮಲಮಾರ್ಗ’ ಎಂಬುದಕ್ಕೆ ಚರಕನದೇ ಸಮ್ಮತಿಯಿದೆ. ಸಾಮಾನ್ಯ ಓದುಗರಿಗೆ ‘ವಿಸರ್ಜನದ್ವಾರಗಳು’ ಇನ್ನೂ ಸುಲಭವಾಗಿ ತಿಳಿಯುತ್ತದೆ. ‘ಮಲದ್ವಾರ’ವನ್ನು ಗುದಕ್ಕೆ ಮಾತ್ರ ಮೀಸಲಿಡಿ. ಗುದವೆಂಬುದು ಅಂಗದ ಹೆಸರು, ಪಾಯು ಎಂಬುದು ಸಾಂಖ್ಯರು ಹೇಳುವ ವಿಸರ್ಜನೆಯ ಕರ್ಮೇಂದ್ರಿಯ, ಎರಡನ್ನೂ ಮಲಾಯನದ ಪರ್ಯಾಯವಾಗಿ ಬಳಸುವಂತಿಲ್ಲ. ‘ಸ್ವೇದಮುಖ’ವನ್ನು ‘ಬೆವರಿನ ಬಾಯಿಗಳು’ ಎಂದೇ ಕನ್ನಡಿಸಬಹುದು. ಬಾವಿಯ ಬಾಯಿ, ಗಾಯದ ಬಾಯಿ ಎನ್ನುವ ನಮ್ಮ ಮಾತಿಗೆ ಅದು ಸಹಜವಾಗಿ ಹೊಂದುತ್ತದೆ, ಮೂಲದ ‘ಮುಖ’ ಶಬ್ದವೂ ಕೈಬಿಟ್ಟು ಹೋಗುವುದಿಲ್ಲ. ನಿಮ್ಮ ಪುಸ್ತಕದಲ್ಲಿ ಎಂಟನೆಯ ಮತ್ತು ಹದಿನೇಳನೆಯ ಅಧ್ಯಾಯಗಳಿಗೆ ಬಂದಾಗ ಇದೇ ಪದಕ್ಕೆ ಅಲ್ಲಿ ಯಾವ ಅರ್ಥ ಕೊಟ್ಟಿದ್ದಾರೆ ಎಂದು ನೋಡಿ. ಹದಿನೇಳರಲ್ಲಿಯೂ ‘ಮಲದ್ವಾರ’ವೆಂದೇ ಇದ್ದರೆ ಅಂಚಿನಲ್ಲಿ ‘ಕಣ್ಣು, ಕಿವಿ, ಮೂಗು, ಬಾಯಿ, ಚರ್ಮ’ ಎಂದು ಬರೆದುಕೊಂಡು ಮುಂದೆ ಓದಿ. ಅಲ್ಲಿ ಹೇಳಿರುವ ಒಣಗುವಿಕೆ, ಶೂನ್ಯತೆಗಳ ಲಕ್ಷಣಗಳು ಆಗ ಮಾತ್ರ ಸರಿಯಾಗಿ ಕೂರುತ್ತವೆ.